ಆಯಿಯ ತಾಟು, ಮೊಮ್ಮಗಳ ತಾಟು

ಸಕ್ಕರೆ ಕಾಯಿಲೆ ಇರುವ ಆಯಿಗೆ ವರ್ಷದಲ್ಲಿ ಅತಿ ಕಷ್ಟದ ತಿಂಗಳು ಮೇ. ಪರೀಕ್ಷೆ ಮುಗಿದು ಶಾಲೆಗೆ ಬೀಗ ಬಿತ್ತೆಂದರೆ ಪುಣೆ, ಸಾಂಗಲಿ, ಸೊಲ್ಲಾಪುರ, ವಿಜಯಪುರ, ಬೆಂಗಳೂರುಗಳಿಂದ ಮೊಮ್ಮಕ್ಕಳು ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಹಳ್ಳಿಗಳಿಗೆ ಬಂದಿಳಿಯುತ್ತಾರೆ. ಉಮದಿ, ಸಂಖ, ಬಿಳೂರು, ಮುಚ್ಚಂಡಿ, ಮಾಡಗ್ಯಾಳ, ಊರು ಯಾವುದೇ ಇರಲಿ, ಎಸ್‌.ಟಿ. ಬಸ್ಸು ಬಂದು ನಿಂತ ಹೊತ್ತಿನಿಂದಲೇ ಅಡುಗೆಮನೆಯ ಲೆಕ್ಕ ಬದಲಾಗುತ್ತದೆ. ಅಲ್ಲಿಯವರೆಗೆ ಆಯಿ ಡಾಕ್ಟರರ ಮಾತು ಕೇಳಿ ಮಧ್ಯಾಹ್ನ ಒಂದೇ ರೊಟ್ಟಿ, ಚಹಾಕ್ಕೆ ಸಕ್ಕರೆ ಇಲ್ಲ, ರಾತ್ರಿ ಅನ್ನ ಇಲ್ಲ ಎಂದು ಹೇಗೋ ಒಂದು ಶಿಸ್ತು ಹಿಡಿದು ತಂದಿರುತ್ತಾಳೆ. ಈಗ ಮನೆಯಲ್ಲಿ ಕೂಸು ಬಂದಿದೆ. ಕೂಸಿಗೆ ಶೇಂಗಾ ಹೋಳಿಗೆ ಮಾಡಬೇಕು, ಗೋದಿ ಹುಗ್ಗಿ ಮಾಡಬೇಕು, ಮುಂಜಾನೆ ಹಾಲಿಗೆ ಬಿಸ್ಕೀಟು ಇಡಬೇಕು. ಮಾಡುವ ಕೈ ಅದೇ, ರುಚಿ ನೋಡುವ ಬಾಯಿಯೂ ಅದೇ.

ಈ ಇಕ್ಕಟ್ಟಿನಿಂದ ಹೊರಬರಲು ಮನೆಗಳಲ್ಲಿ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದು, "ಕೂಸು ಹೋದ ಮ್ಯಾಲ ನೋಡಿದ್ರಾತು" ಎಂದು ಆಯಿ ತಿಂಗಳೊಪ್ಪತ್ತು ಪಥ್ಯವನ್ನೇ ಬಿಟ್ಟುಬಿಡುವುದು. ಇನ್ನೊಂದು ಇತ್ತೀಚಿನದು, ಸ್ವಲ್ಪ ಓದಿದವರ ಮನೆಯಲ್ಲಿ ಹೆಚ್ಚು. ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ, "ಕಾರ್ಬ್ ಯಾರಿಗೂ ಚಲೋ ಅಲ್ಲ, ಕೂಸಿಗೂ ರೊಟ್ಟಿ ಅನ್ನ ಕಡಿಮಿ ಹಾಕ್ರಿ" ಎಂದು ಆರು ವರ್ಷದ ಮಗುವನ್ನೂ ಅಜ್ಜಿಯ ಪಥ್ಯದೊಳಗೆ ಎಳೆದುಕೊಳ್ಳುವುದು. ಮೊದಲನೆಯದು ಆಯಿಗೆ ಕೆಡುಕು, ಎರಡನೆಯದು ಮಗುವಿಗೆ. ಪಥ್ಯ ಯಾರಿಗೆ ಬರೆದುಕೊಟ್ಟಿದ್ದಾರೋ ಅವರ ತಾಟಿನಲ್ಲಿ ಇರಬೇಕು, ಪಕ್ಕದ ತಾಟಿಗೆ ಹರಿಯಬಾರದು. ಹಾಗೆಂದು ಎರಡು ಅಡುಗೆ ಮಾಡಬೇಕಿಲ್ಲ. ನಮ್ಮ ಸೀಮೆಯ ಊಟಕ್ಕೆ ಒಂದೇ ಒಲೆಯ ಮೇಲೆ ಇಬ್ಬರನ್ನೂ ಸುಧಾರಿಸುವ ಶಕ್ತಿ ಇದೆ. ಅದು ಹೇಗೆಂದು ಹೇಳುವುದಕ್ಕೇ ಈ ವಾರದ ಅಂಕಣ.

ಡಾಕ್ಟರರು "ಕಾರ್ಬ್ ಕಡಿಮೆ ಮಾಡ್ರಿ" ಅಂದರೆ ಎಷ್ಟು ಕಡಿಮೆ ಮಾಡಬೇಕು? ನಮ್ಮ ದೇಶದ್ದೇ ಲೆಕ್ಕ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌, ಇಂಡಿಯಾಬ್ ಎಂಬ ಹೆಸರಿನಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಇದು 2023ರಲ್ಲಿ ಪ್ರಕಟವಾದ ಅಂಕಿ. ಅದೇ ಸಮೀಕ್ಷೆಯ ಊಟದ ಭಾಗ 2025ರಲ್ಲಿ ಹೊರಬಂತು. ಭಾರತೀಯರು ದಿನದ ಶಕ್ತಿಯಲ್ಲಿ ಸುಮಾರು ಶೇ. 62ರಷ್ಟನ್ನು ಕಾರ್ಬೋಹೈಡ್ರೇಟಿನಿಂದಲೇ, ಅಂದರೆ ಕಾರ್ಬಿನಿಂದಲೇ, ಪಡೆಯುತ್ತಾರೆ ಎಂದು ಅದು ಹೇಳುತ್ತದೆ. ಸಕ್ಕರೆ ಕಾಯಿಲೆ ಹಿಂದೆ ಸರಿಯಬೇಕಾದರೆ ಈ ಪಾಲು ಶೇ. 49ರಿಂದ 54ಕ್ಕೆ ಇಳಿಯಬೇಕು, ಪ್ರೊಟೀನು ಶೇ. 20ರ ಹತ್ತಿರಕ್ಕೆ ಏರಬೇಕು ಎಂದು ಅದೇ ತಂಡ 2022ರಲ್ಲಿ ಲೆಕ್ಕ ಹಾಕಿತ್ತು.

ಶೇಕಡಾವಾರು ಹೇಳಿದರೆ ಆಯಿಗೆ ತಿಳಿಯದು, ರೊಟ್ಟಿಯಲ್ಲಿ ಹೇಳಬೇಕು. ದಿನಕ್ಕೆ 1500 ಕ್ಯಾಲರಿಯಷ್ಟು ಉಣ್ಣುವ ಹಿರಿಯ ಹೆಣ್ಣುಮಗಳು ಶೇ. 62ರಷ್ಟು ಕಾರ್ಬ್ ತಿಂದರೆ ಅದು 232 ಗ್ರಾಮಿನ ಆಸುಪಾಸು. ಶೇ. 50ಕ್ಕೆ ಇಳಿಸಿದರೆ 187 ಗ್ರಾಂ. ವ್ಯತ್ಯಾಸ 45 ಗ್ರಾಂ. ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 34 ಗ್ರಾಂ ಕಾರ್ಬ್ ಇರುತ್ತದೆ, ಎರಡು ಚಹಾ ಚಮಚ ಸಕ್ಕರೆಯಲ್ಲಿ ಹತ್ತು ಗ್ರಾಂ. ಅಂದರೆ ದಿನಕ್ಕೆ ಒಂದು ರೊಟ್ಟಿ, ಎರಡು ಚಮಚ ಸಕ್ಕರೆ ಬಿಟ್ಟರೆ ಸಾಕು. ದೊಡ್ಡ ದೊಡ್ಡ ಪುಸ್ತಕಗಳು ಹೇಳುವ ಪಥ್ಯ ನಮ್ಮ ತಾಟಿನಲ್ಲಿ ಇಷ್ಟಕ್ಕೆ ಬಂದು ನಿಲ್ಲುತ್ತದೆ. ಅನ್ನ ರೊಟ್ಟಿಯನ್ನು ಪೂರ್ತಿ ಬಿಟ್ಟು ಬರೀ ಬೆಣ್ಣೆ, ಪನೀರು, ಮೊಟ್ಟೆ ತಿಂದುಕೊಂಡಿರುವ ಕೀಟೋ ಪಥ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಜತ್ತದ ಅರವತ್ತೈದರ ಹೆಣ್ಣುಮಗಳಿಗೆ ಆ ಕೀಟೋವನ್ನು ಹೇಳಿಕೊಡುವವರ ಬಗ್ಗೆ ನನಗೆ ತಕರಾರಿದೆ. ವಾರ ನಡೆಯಬಹುದು, ವರ್ಷ ನಡೆಯುವುದಿಲ್ಲ.

ಇಲ್ಲಿ ನಮ್ಮ ಕಡೆಯ ದೊಡ್ಡ ನಂಬಿಕೆಯೊಂದನ್ನು ಮುಟ್ಟಲೇಬೇಕು. "ಜ್ವಾಳದ ರೊಟ್ಟಿ ಎಷ್ಟ ತಿಂದ್ರೂ ಶುಗರ್ ಏರಂಗಿಲ್ಲ" ಎಂಬ ಮಾತನ್ನು ಕಟ್ಟೆಯ ಮೇಲೆ, ಬಸ್ಸಿನಲ್ಲಿ, ದವಾಖಾನೆಯ ಬಾಗಿಲಲ್ಲಿ ಕೇಳುತ್ತೇವೆ. ಜೋಳದ ಮೇಲೆ ನಮಗಿರುವ ಅಭಿಮಾನ ಸುಮ್ಮನೆ ಬಂದದ್ದಲ್ಲ. ಪಕ್ಕದ ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಹಿಂಗಾರಿಯಲ್ಲಿ ಈ ಸೀಮೆಯ ಹೊಲಗಳನ್ನು ಆಳಿದ ಮಾಲದಂಡಿ ಜೋಳದ ಎಂ 35-1 ತಳಿಯನ್ನು ಆರಿಸಿ ತೆಗೆದದ್ದು ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ. ಜೋಳದಲ್ಲಿ ನಾರಿದೆ, ಪಾಲಿಶ್ ಮಾಡಿದ ಅಕ್ಕಿಗಿಂತ ಅದು ಎಷ್ಟೋ ಮೇಲು, ಎಲ್ಲವೂ ನಿಜ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕ ತೆರೆದರೆ ನೂರು ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಕಾರ್ಬ್, ಗೋದಿ ಹಿಟ್ಟಿನಲ್ಲಿ 64, ಸಜ್ಜೆಯಲ್ಲಿ 62, ಅಕ್ಕಿಯಲ್ಲಿ 78. ರೊಟ್ಟಿಗೂ ಚಪಾತಿಗೂ ನಡುವೆ ಇಷ್ಟೇ ಅಂತರ. 2025ರ ಇಂಡಿಯಾಬ್ ಅಧ್ಯಯನ ಇನ್ನೂ ಖಡಕ್ಕಾಗಿ ಹೇಳಿದೆ: ಒಟ್ಟು ಕಾರ್ಬ್ ಇಳಿಸದೆ ಬಿಳಿ ಧಾನ್ಯದ ಬದಲು ಇಡೀ ಗೋದಿಯ ಇಲ್ಲವೆ ಸಿರಿಧಾನ್ಯದ ಹಿಟ್ಟು ತಿಂದ ಮಾತ್ರಕ್ಕೆ ಅಪಾಯ ಕಡಿಮೆಯಾದದ್ದು ಕಾಣಲಿಲ್ಲ. ಕಾರ್ಬಿನಲ್ಲಿ ಸ್ವಲ್ಪ ಪಾಲು ತೆಗೆದು ಆ ಜಾಗದಲ್ಲಿ ಬೇಳೆಕಾಳಿನ, ಹಾಲು ಮೊಸರಿನ ಪ್ರೊಟೀನು ಇಟ್ಟವರಲ್ಲಿ ಅಪಾಯ ಕಡಿಮೆ ಕಂಡಿತು. ಜೋಳ ಒಳ್ಳೆಯದು, ಆದರೆ ಎಣಿಸಿ ತಿನ್ನಬೇಕು.

ಈಗ ಕೂಸಿನ ಮಾತಿಗೆ ಬರೋಣ.

ಮಕ್ಕಳ ದೇಹ ನಮ್ಮ ದೇಹದ ಸಣ್ಣ ಗಾತ್ರದ ನಕಲಲ್ಲ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಕುಝಾವಾ ಮತ್ತು ಸಂಗಡಿಗರು 2014ರಲ್ಲಿ ಒಂದು ಲೆಕ್ಕ ಕೊಟ್ಟರು. ಐದು ವರ್ಷದ ಹೊತ್ತಿಗೆ ಮಗುವಿನ ಮಿದುಳು ಇಡೀ ದೇಹದ ದಿನದ ಶಕ್ತಿಯಲ್ಲಿ ಹತ್ತಿರಹತ್ತಿರ ಅರ್ಧದಷ್ಟನ್ನು ತಾನೇ ಬಳಸುತ್ತದೆ. ಆ ಮಿದುಳಿಗೆ ಮುಖ್ಯವಾಗಿ ಬೇಕಾದದ್ದು ಗ್ಲೂಕೋಸು, ಅದು ಸಲೀಸಾಗಿ ಸಿಗುವುದು ರೊಟ್ಟಿ, ಅನ್ನ, ಹಣ್ಣು, ಹಾಲಿನಿಂದ. ಆ ವಯಸ್ಸಿನಲ್ಲಿ ಮೈ ಬೆಳೆಯುವ ವೇಗ ತುಸು ತಗ್ಗಿರುವುದಕ್ಕೂ ಮಿದುಳು ಹೀಗೆ ಉಣ್ಣುವುದಕ್ಕೂ ನಂಟಿದೆ ಎಂದು ಅವರು ತೋರಿಸಿದರು. ಒಂದು ವರ್ಷ ದಾಟಿದ ಎಲ್ಲರಿಗೂ ದಿನಕ್ಕೆ 130 ಗ್ರಾಂ ಕಾರ್ಬ್ ಬೇಕೆಂದು ನಮ್ಮ ಐಸಿಎಂಆರ್‌ 2020ರಲ್ಲಿ ಗೊತ್ತುಮಾಡಿದೆ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಒಟ್ಟು ಶಕ್ತಿ ಸುಮಾರು 1360 ಕ್ಯಾಲರಿ, ಏಳರಿಂದ ಒಂಬತ್ತು ವರ್ಷದವರಿಗೆ 1700. ಏಳು ವರ್ಷದ ಮೊಮ್ಮಗಳಿಗೆ ಆಯಿಗಿಂತ ಹೆಚ್ಚು ಬೇಕು ಎಂಬುದನ್ನು ಗಮನಿಸಿ. ಅವಳು ಎರಡು ರೊಟ್ಟಿ ತಿಂದು ಮತ್ತೆ ಅರ್ಧ ಕೇಳಿದರೆ ಅದು ದುರಾಸೆಯಲ್ಲ.

ಅಮೆರಿಕದ ಮಕ್ಕಳ ವೈದ್ಯರ ಸಂಘ 2023ರಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡು, ಸಕ್ಕರೆ ಕಾಯಿಲೆ ಇರುವ ಅಥವಾ ಬರುವ ಸಂಭವವಿರುವ ಮಕ್ಕಳಿಗೂ ಕಡಿಮೆ ಕಾರ್ಬಿನ ಪಥ್ಯವನ್ನು ಸಾಮಾನ್ಯ ಸಲಹೆಯಾಗಿ ಕೊಡಬಾರದು ಎಂದಿತು. ಬೆಳವಣಿಗೆ ಕುಂಠಿತವಾಗುವ, ಊಟದ ಬಗ್ಗೆ ಹೆದರಿಕೆ ಹುಟ್ಟಿ ಮಗು ಸರಿಯಾಗಿ ಉಣ್ಣದೇ ಹೋಗುವ ಭಯ ಅದಕ್ಕೆ ಕಾರಣ. ಸಕ್ಕರೆ ಹಾಕಿದ ಪಾನೀಯ, ಬಿಸ್ಕೀಟು, ಮೈದಾದ ತಿನಿಸು ಕಡಿಮೆ ಮಾಡಿ, ಅಷ್ಟು ಸಾಕು ಎಂಬುದು ಅವರ ಸಲಹೆ. ಇದಕ್ಕೆ ಹೊರತಾದ ಸಂದರ್ಭವೊಂದಿದೆ. ಔಷಧಿಗೆ ಬಗ್ಗದ ಮೂರ್ಛೆರೋಗದ ಮಕ್ಕಳಿಗೆ ಕೀಟೋ ಪಥ್ಯವನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ 1921ರಲ್ಲೇ ಸೂಚಿಸಿದ್ದರು, ಈಗಲೂ ಅದನ್ನು ಕೊಡುತ್ತಾರೆ. ಆದರೆ ಅದು ತಜ್ಞರು ಗ್ರಾಂ ಲೆಕ್ಕದಲ್ಲಿ ತೂಗಿ, ರಕ್ತ ಪರೀಕ್ಷೆ ಮಾಡುತ್ತ ಕೊಡುವ ಚಿಕಿತ್ಸೆ. ರಜೆಗೆ ಬಂದ ಮಗುವಿನ ಮೇಲೆ ಮನೆಯವರು ಮಾಡಿ ನೋಡುವಂಥದ್ದಲ್ಲ.

ಇನ್ನು ಅಡುಗೆ. ನಮ್ಮ ತಾಟನ್ನು ಒಮ್ಮೆ ಕಣ್ಣೆದುರು ತಂದುಕೊಳ್ಳಿ. ನಡುವೆ ರೊಟ್ಟಿ. ಸುತ್ತ ಝುಣಕ ಇಲ್ಲವೆ ಮಡಕಿ ಕಾಳಿನ ಪಲ್ಯ, ಬದನೀಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಸವತೀಕಾಯಿ, ಮೂಲಂಗಿ, ಮಳೆಗಾಲ ಚಳಿಗಾಲದಲ್ಲಿ ಹಸಿ ಮೆಂತ್ಯೆ, ಹಕ್ಕರಕಿ. ಬೆಂಗಳೂರಿನ ಅನ್ನ ಸಾರಿನ ಊಟದಲ್ಲಿ ಅನ್ನ ತೆಗೆದರೆ ತಾಟು ಬಣಬಣ ಎನ್ನುತ್ತದೆ. ಇಲ್ಲಿ ಒಂದು ರೊಟ್ಟಿ ತೆಗೆದರೂ ತಾಟು ತುಂಬಿಯೇ ಇರುತ್ತದೆ. ಹಾಗಾಗಿ ಆಯಿಗೂ ಮೊಮ್ಮಗಳಿಗೂ ಒಂದೇ ಝುಣಕ, ಒಂದೇ ಪಲ್ಯ, ಒಂದೇ ಮೊಸರು. ಬೇರೆಯಾಗುವುದು ಅಳತೆ. ಆಯಿಯ ತಾಟಿನಲ್ಲಿ ಅರ್ಧಭಾಗ ಪಲ್ಯ ಮತ್ತು ಹಸಿ ತರಕಾರಿ, ಒಂದು ರೊಟ್ಟಿ, ಉಳಿದದ್ದು ಕಾಳು ಮೊಸರು. ಮೊಮ್ಮಗಳ ತಾಟಿನಲ್ಲಿ ಹಸಿವೆಗೆ ತಕ್ಕಷ್ಟು ರೊಟ್ಟಿ, ಅದರ ಮೇಲೆ ಬೆಣ್ಣೆ, ಪಕ್ಕಕ್ಕೆ ಖಾರ ಕಡಿಮೆ ಮಾಡಿದ ಅದೇ ಪಲ್ಯ.

ಕಾಳಿನ ವಿಷಯದಲ್ಲೂ ಒಂದು ಎಚ್ಚರ ಬೇಕು. ಕಾಳೆಂದರೆ ಬರೀ ಪ್ರೊಟೀನು ಎಂದು ತಿಳಿದು ಬಟ್ಟಲುಗಟ್ಟಲೆ ತಿನ್ನುವವರಿದ್ದಾರೆ. ನೂರು ಗ್ರಾಂ ಮಡಕಿಯಲ್ಲಿ ಪ್ರೊಟೀನು ಇಪ್ಪತ್ತು ಗ್ರಾಂ ಇದ್ದರೆ ಕಾರ್ಬ್ ಐವತ್ತರ ಮೇಲೆ ಇರುತ್ತದೆ. ಹುರಳಿಯದೂ ಹೆಚ್ಚುಕಡಿಮೆ ಅದೇ ಕಥೆ, ಕಡಲೆಬೇಳೆ ಸ್ವಲ್ಪ ವಾಸಿ. ಮೂವತ್ತು ಗ್ರಾಂ ಒಣಕಾಳಿನ ಒಂದು ಬಟ್ಟಲು ಪಲ್ಯ ಅರ್ಧ ರೊಟ್ಟಿಗೆ ಸಮ. ಆದರೂ ಅದು ನಿಧಾನವಾಗಿ ಕರಗುತ್ತದೆ, ಹೊಟ್ಟೆ ಹಿಡಿದಿಡುತ್ತದೆ. ಆದ್ದರಿಂದ ಬಿಟ್ಟ ರೊಟ್ಟಿಯ ಜಾಗವನ್ನು ಪೂರ್ತಿ ಕಾಳಿಗೇ ಕೊಡದೆ ಮೊಸರು, ಒಂದು ಸಣ್ಣ ಹಿಡಿ ಶೇಂಗಾ, ತಿನ್ನುವ ಮನೆಯಾದರೆ ಮೊಟ್ಟೆ ಎಂದು ಹಂಚಬೇಕು. ಶೇಂಗಾದಲ್ಲಿ ನೂರು ಗ್ರಾಮಿಗೆ 24 ಗ್ರಾಮಿನಷ್ಟು ಪ್ರೊಟೀನಿದೆ, ಕಾರ್ಬ್ ಅದಕ್ಕಿಂತ ಕಡಿಮೆ. ಎಣ್ಣೆ ಹೆಚ್ಚಿರುವುದರಿಂದ ಹಿಡಿ ದೊಡ್ಡದಾಗಬಾರದು, ಅಷ್ಟೇ. ಮಾಡಗ್ಯಾಳದ ಕುರಿ ಹೆಸರುವಾಸಿ ತಳಿ, ಬಾಡು ಉಣ್ಣುವವರ ಮನೆಯಲ್ಲಿ ಮೊಮ್ಮಕ್ಕಳು ಬಂದಾಗ ಅದಾಗುವುದು ಸಹಜ. ಅಂದು ಆಯಿಯೂ ಉಣ್ಣಲಿ. ಶುಗರ್ ಏರಿಸುವುದು ಸಾರಿನೊಳಗಿನ ತುಣುಕಿಗಿಂತ ಜೊತೆಗೆ ಬರುವ ಅನ್ನದ ರಾಶಿ.

ಉಣ್ಣುವ ಸರದಿಯೂ ಲೆಕ್ಕಕ್ಕೆ ಬರುತ್ತದೆ. ನ್ಯೂಯಾರ್ಕಿನ ವೇಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ 2015ರಲ್ಲಿ ಹನ್ನೊಂದು ಜನರ ಮೇಲೆ ನಡೆದ ಸಣ್ಣ ಅಧ್ಯಯನವೊಂದರಲ್ಲಿ, ತರಕಾರಿ ಮತ್ತು ಪ್ರೊಟೀನನ್ನು ಮೊದಲು ತಿಂದು ಕಾರ್ಬನ್ನು ಕೊನೆಗೆ ತಿಂದಾಗ ಊಟದ ನಂತರದ ಸಕ್ಕರೆ ಗಣನೀಯವಾಗಿ ಕಡಿಮೆ ಏರಿತು. ಊಟವೂ ಅದೇ, ಜನರೂ ಅವರೇ, ಬದಲಾದದ್ದು ಕ್ರಮ. ಸವತೀಕಾಯಿ, ಮೂಲಂಗಿ, ಮೊಸರು, ಕಾಳು ಮೊದಲು, ರೊಟ್ಟಿ ಆಮೇಲೆ. ಖರ್ಚಿಲ್ಲದ ಉಪಾಯವಾದ್ದರಿಂದ ಮಾಡಿ ನೋಡುವುದರಲ್ಲಿ ನಷ್ಟವಿಲ್ಲ. ಮಗುವಿಗೆ ಈ ಕಟ್ಟುಪಾಡು ಬೇಡ, ಆದರೆ ಹಸಿ ಸವತೀಕಾಯಿ ಕಡಿಯುವ ಆಯಿಯನ್ನು ನೋಡಿ ಅದೂ ಒಂದು ಹೋಳಿನತ್ತ ಕೈ ಚಾಚುತ್ತದೆ. ಹೇಳಿ ತಿನ್ನಿಸುವುದಕ್ಕಿಂತ ಜೊತೆಗೆ ಕೂತು ತಿನ್ನುವುದು ಮಕ್ಕಳ ಮೇಲೆ ಹೆಚ್ಚು ಕೆಲಸ ಮಾಡುತ್ತದೆ.

ಇಷ್ಟೆಲ್ಲ ತಿಳಿದರೂ ಆಯಿಯ ಕೈ ಯಾಕೆ ತಡೆಯುವುದಿಲ್ಲ ಎಂಬುದನ್ನು ಯೋಚಿಸಬೇಕು. ಜತ್ತ ಮಳೆನೆರಳಿನ ತಾಲೂಕು. ಮ್ಹೈಸಾಳ ಏತ ನೀರಾವರಿಯ ನೀರು ಕೆಲವು ಭಾಗಕ್ಕೆ ಬಂದದ್ದು ಈಚೆಗೆ, ಪೂರ್ವಭಾಗದ ಹಳ್ಳಿಗಳು ನೀರಿಗಾಗಿ ಬಹಳ ವರ್ಷಗಳಿಂದ ಕೇಳುತ್ತಲೇ ಬಂದಿವೆ. ಇಂದು ಅರವತ್ತು ದಾಟಿದ ಹೆಣ್ಣುಮಕ್ಕಳು 1972ರ ಬರದಲ್ಲಿ ಸಣ್ಣ ಹುಡುಗಿಯರಾಗಿದ್ದರು. ಮಹಾರಾಷ್ಟ್ರವನ್ನೇ ಅಲ್ಲಾಡಿಸಿದ ಬರ ಅದು. ಹೊರದೇಶದಿಂದ ಬಂದ ಮಿಲೋ ಎಂಬ ಕೆಂಪು ಜೋಳದ ರೊಟ್ಟಿ ತಿಂದವರು, ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆಯುವ ತಾಯಿಯ ಜೊತೆ ಹೋಗಿ ಅಲ್ಲಿ ಹಂಚುತ್ತಿದ್ದ ಸುಕಡಿ ಎಂಬ ತಿನಿಸಿಗೆ ಕೈ ಒಡ್ಡಿದವರು ಆ ತಲೆಮಾರಿನವರು. ಮಗುವಿನ ತಾಟಿನಲ್ಲಿ ಜಾಗ ಖಾಲಿ ಕಂಡರೆ ಅವರ ಕರುಳು ತಾಳುವುದಿಲ್ಲ. ಮಗು ಬಿಟ್ಟೆದ್ದ ಅರ್ಧ ರೊಟ್ಟಿ, ಎರಡು ತುತ್ತು ಹುಗ್ಗಿ ನಾಯಿಗೆ ಹೋಗುವುದನ್ನೂ ಅವರು ನೋಡಲಾರರು. ಹಾಗಾಗಿ ಮೊದಲು ಒತ್ತಾಯ ಮಾಡಿ ಬಡಿಸುತ್ತಾರೆ, ಆಮೇಲೆ ಉಳಿದದ್ದನ್ನು ತಾವೇ ತಿಂದು ತಾಟು ಬಳಿಯುತ್ತಾರೆ. ಮೇ ತಿಂಗಳಲ್ಲಿ ಆಯಿಯ ಶುಗರ್ ಏರುವುದಕ್ಕೆ ಹಬ್ಬದೂಟಕ್ಕಿಂತ ಈ ಎಂಜಲ ತುತ್ತುಗಳೇ ಹೆಚ್ಚು ಕಾರಣ ಎಂದು ನನಗೆ ಅನ್ನಿಸುತ್ತದೆ. ಅವು ಯಾರ ಲೆಕ್ಕದಲ್ಲೂ ಬರುವುದಿಲ್ಲ. "ನಾ ಏನೂ ತಿಂದಿಲ್ರೀ ಸಾಹೇಬ್ರ" ಎಂದು ಡಾಕ್ಟರರ ಮುಂದೆ ಅವಳು ಹೇಳುವುದು ಸುಳ್ಳಲ್ಲ, ತನ್ನ ತಾಟಿನಲ್ಲಿ ಅವಳು ತಿಂದಿರುವುದಿಲ್ಲ.

ಅನ್ನ ಚೆಲ್ಲಬೇಡಿ ಎನ್ನುವವಳಿಗೆ ಚೆಲ್ಲು ಎಂದು ಹೇಳಲಾಗದು, ಹೇಳಬಾರದು ಕೂಡ. ಬಡಿಸುವ ರೀತಿ ಬದಲಿಸಬಹುದು. ಮಗುವಿಗೆ ಮೊದಲು ಅರ್ಧ ರೊಟ್ಟಿ, ಕೇಳಿದರೆ ಇನ್ನರ್ಧ. ಹುಗ್ಗಿ ಸಣ್ಣ ಬಟ್ಟಲಲ್ಲಿ. ಸಣ್ಣ ಮಕ್ಕಳಿಗೆ ಎಷ್ಟು ಸಾಕೆಂಬುದು ಹೊಟ್ಟೆಗೇ ಗೊತ್ತಿರುತ್ತದೆ, ಒತ್ತಾಯ ಮಾಡಿ ಮಾಡಿ ಆ ತಿಳಿವನ್ನು ನಾವೇ ಕೆಡಿಸುತ್ತೇವೆ. ಉಳಿದ ರೊಟ್ಟಿಯನ್ನು ಒಣಗಿಸಿಟ್ಟರೆ ಮರುದಿನ ಮುಂಜಾನೆ ಮುರಿದು ಒಗ್ಗರಣೆ ಹಾಕಿ ಮಕ್ಕಳಿಗೆ ಮುಟಗಿಯ ಹಾಗೆ ಕೊಡಬಹುದು. ತಾಟು ಎತ್ತುವ ಕೆಲಸವನ್ನು ರಜೆಯ ಮಟ್ಟಿಗೆ ಸೊಸೆಯೋ ಮಗನೋ ಮುತ್ಯಾನೋ ವಹಿಸಿಕೊಂಡರೆ ಆಯಿಗೆ ಅರ್ಧ ಯುದ್ಧ ಅಲ್ಲೇ ಮುಗಿಯುತ್ತದೆ.

ಸಿಹಿಯ ವಿಷಯದಲ್ಲಿ ನಾನು ತುಸು ಗಟ್ಟಿಯಾಗಿ ಹೇಳುತ್ತೇನೆ. ಹೋಳಿಗೆ ಬಿಡಬೇಡಿ. ಗುಡ್ಡಾಪುರದ ದಾನಮ್ಮದೇವಿಗೆ ಹೋಗಿಬಂದ ದಿನ, ಕಾರಹುಣ್ಣಿಮೆಗೆ, ಮಗು ಊರಿಗೆ ಮರಳುವ ಮುಂಚಿನ ದಿನ, ಹೀಗೆ ಗೊತ್ತಾದ ದಿನಕ್ಕೆ ಹೋಳಿಗೆ ಇರಲಿ. ಅಂದು ಮಗು ಹೊಟ್ಟೆತುಂಬ ತಿನ್ನಲಿ, ಆಯಿ ಊಟದ ಕೊನೆಗೆ ಕಾಲುಭಾಗ ತಿಂದು ಅಂದಿನ ರೊಟ್ಟಿ ಬಿಡಲಿ. ಹಬ್ಬದ ಹೋಳಿಗೆಯಿಂದ ಯಾರ ಆರೋಗ್ಯವೂ ಕೆಟ್ಟಿಲ್ಲ. ಕೆಡಿಸುವುದು ದಿನಾ ನಾಲ್ಕು ಸಲ ಚಹಾದ ಜೊತೆ ಬರುವ ಬಿಸ್ಕೀಟಿನ ಪುಡಿಕೆ, ಅಂಗಡಿಗೆ ಹೋದಾಗೊಮ್ಮೆ ಕೊಡಿಸುವ ಬಣ್ಣದ ಬಾಟಲಿ, "ಊಟಾ ಮಾಡಿದ್ರ ಚಾಕ್ಲೇಟ್ ಕೊಡ್ತೀನಿ" ಎಂಬ ಆಸೆ. ಊಟವನ್ನು ಶಿಕ್ಷೆಯಾಗಿ, ಚಾಕ್ಲೇಟನ್ನು ಬಹುಮಾನವಾಗಿ ಕಲಿಸಿದ ಮಗು ದೊಡ್ಡದಾದ ಮೇಲೂ ಆ ಲೆಕ್ಕವನ್ನೇ ಹಿಡಿದುಕೊಂಡಿರುತ್ತದೆ. ಬೇಸಿಗೆಯ ಬಾಯಾರಿಕೆಗೆ ನಮ್ಮಲ್ಲಿ ಮಜ್ಜಿಗೆ ಇದೆ, ಅದು ಇಬ್ಬರಿಗೂ ಸಲ್ಲುತ್ತದೆ.

ಎರಡು ವರ್ಷದೊಳಗಿನ ಕೂಸು ಬಂದಿದ್ದರೆ ಮಾತು ಇನ್ನೂ ಸ್ಪಷ್ಟ. ಹಾಲಿಗೆ, ಗಂಜಿಗೆ ಸಕ್ಕರೆ ಬೆಲ್ಲ ಹಾಕಬೇಡಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಇದನ್ನೇ ಹೇಳುತ್ತದೆ. ಇದಕ್ಕೆ ಬೆಂಬಲವಾಗಿ ಅದೇ ವರ್ಷ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಮನಸ್ಸಿಗೆ ನಾಟುವಂತಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಸಕ್ಕರೆಗೆ ರೇಶನ್ ಶುರುವಾಗಿತ್ತು, 1953ರ ಸೆಪ್ಟೆಂಬರಿನಲ್ಲಿ ಅದನ್ನು ತೆಗೆದರು. ಗರ್ಭದಲ್ಲಿದ್ದಾಗ ಮತ್ತು ಮೊದಲ ಎರಡು ವರ್ಷ ರೇಶನ್ನಿನ ದಿನಗಳನ್ನು ಕಂಡ ಮಕ್ಕಳಿಗೆ, ಆಮೇಲೆ ಹುಟ್ಟಿದವರಿಗೆ ಹೋಲಿಸಿದರೆ, ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆಯ ಅಪಾಯ ಸುಮಾರು ಶೇ. 35ರಷ್ಟು, ರಕ್ತದೊತ್ತಡದ ಅಪಾಯ ಶೇ. 20ರಷ್ಟು ಕಡಿಮೆ ಇತ್ತು. ಅಜ್ಜಿಗೆ ಶುಗರ್ ಇರುವ ವಂಶದಲ್ಲಿ ಹುಟ್ಟಿದ ಕೂಸಿಗೆ ಆಯಿ ಕೊಡಬಹುದಾದ ದೊಡ್ಡ ಉಡುಗೊರೆ ಸಕ್ಕರೆ ಬೆರೆಸದ ಹಾಲು.

ಜತ್ತದವರಿಗೇ ವಿಶೇಷವಾದ ಇನ್ನೊಂದು ವಸ್ತು ಒಣದ್ರಾಕ್ಷಿ, ನಮ್ಮವರ ಬಾಯಲ್ಲಿ ಬೇದಾಣೆ. ಹೊಲದ ಶೆಡ್ಡುಗಳಲ್ಲಿ ಬೇಸಿಗೆಯ ತನಕ ಹಸಿರು ದ್ರಾಕ್ಷಿ ಒಣಗುತ್ತವೆ, ಮಕ್ಕಳ ಕಿಸೆ ಸದಾ ತುಂಬಿರುತ್ತದೆ. ಹಣ್ಣೇ ಅಲ್ಲವೇ ಎಂದು ಆಯಿಯೂ ನಾಲ್ಕು ಬಾಯಿಗೆ ಹಾಕಿಕೊಳ್ಳುತ್ತಾಳೆ. ನೀರೆಲ್ಲ ಆರಿಹೋದ ದ್ರಾಕ್ಷಿಯಲ್ಲಿ ಉಳಿಯುವುದು ಬಹುಪಾಲು ಸಕ್ಕರೆ. ಮೂವತ್ತು ಗ್ರಾಂ, ಅಂದರೆ ಒಂದು ಸಣ್ಣ ಹಿಡಿ, ಮುಕ್ಕಾಲು ರೊಟ್ಟಿಯ ಹತ್ತಿರಕ್ಕೆ ಬರುತ್ತದೆ. ಓಡಾಡುವ ಮಗುವಿಗೆ ಅದು ಒಳ್ಳೆಯ ತಿನಿಸು, ತಿಂದ ಮೇಲೆ ಬಾಯಿ ಮುಕ್ಕಳಿಸಿದರೆ ಸಾಕು. ಆಯಿಗೆ ಸಲ್ಲದು. ಆಯಿಗೆ ಹಣ್ಣು ಬೇಕೆನಿಸಿದರೆ ನಮ್ಮದೇ ತೋಟದ ದಾಳಿಂಬೆಯ ಕಾಳು ಅರ್ಧ ಬಟ್ಟಲು ಅಗಿದು ತಿನ್ನಲಿ, ರಸ ತೆಗೆದು ಕುಡಿಯುವುದು ಬೇಡ. ನಾಲ್ಕು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಶೇಂಗಾ ಕಾಳು, ಇಡೀ ದ್ರಾಕ್ಷಿ ಮಾತ್ರ ಕೊಡಬೇಡಿ, ಗಂಟಲಲ್ಲಿ ಸಿಕ್ಕಿ ಉಸಿರುಗಟ್ಟುತ್ತದೆ. ಶೇಂಗಾ ಕುಟ್ಟಿ ಹಿಂಡಿ ಮಾಡಿ, ದ್ರಾಕ್ಷಿ ಉದ್ದಕ್ಕೆ ಸೀಳಿ ಕೊಡಬೇಕು.

ಊಟಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಗುಳಿಗೆಯಲ್ಲಿ. ಗ್ಲಿಮೆಪಿರೈಡ್, ಗ್ಲಿಕ್ಲಝೈಡ್‌ನಂಥ ಗುಳಿಗೆ ನುಂಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಡಾಕ್ಟರರಿಗೆ ತಿಳಿಸದೆ ರೊಟ್ಟಿ ಕಡಿಮೆ ಮಾಡಿದರೆ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಮಹಾರಾಷ್ಟ್ರದಲ್ಲಿ ಡಾ. ಜಗನ್ನಾಥ ದೀಕ್ಷಿತರ ಹೆಸರಿನ, ದಿನಕ್ಕೆ ಎರಡೇ ಹೊತ್ತು ಐವತ್ತೈದು ನಿಮಿಷದೊಳಗೆ ಉಣ್ಣುವ ಪದ್ಧತಿ ಬಹಳ ಜನಪ್ರಿಯ, ನಮ್ಮ ಹಳ್ಳಿಗಳಿಗೂ ಬಂದಿದೆ. ಅದನ್ನು ಹಿಡಿಯುವವರೂ, ಸೋಮವಾರ ಒಪ್ಪತ್ತು ಮಾಡುವವರೂ ಗುಳಿಗೆಯ ಪ್ರಮಾಣವನ್ನು ಮೊದಲು ಕೇಳಿಕೊಳ್ಳಬೇಕು. ಡಾಪಾಗ್ಲಿಫ್ಲೋಝಿನ್‌ನಂಥ ಹೊಸ ಗುಳಿಗೆ ತೆಗೆದುಕೊಳ್ಳುವವರು ಕಾರ್ಬನ್ನು ತೀರಾ ಕಡಿಮೆ ಮಾಡಿದರೆ ರಕ್ತದಲ್ಲಿ ಆಮ್ಲ ಹೆಚ್ಚುವ ಕೀಟೋಆಸಿಡೋಸಿಸ್ ಎಂಬ ಅಪಾಯಕ್ಕೆ ಸಿಕ್ಕಬಹುದು, ಶುಗರ್ ಬಹಳ ಏರದೆಯೂ ಅದು ಬರುತ್ತದೆ. ಮೂತ್ರಪಿಂಡ ದುರ್ಬಲವಾದವರಿಗೆ ಪ್ರೊಟೀನು ಹೆಚ್ಚಿಸುವ ಸಲಹೆ ಹೊಂದದು. ಜತ್ತದ ಗ್ರಾಮೀಣ ಆಸ್ಪತ್ರೆಗೋ ಮಿರಜಕ್ಕೋ ಹೋದಾಗ ಈ ಮಾತನ್ನು ಬಾಯಿಬಿಟ್ಟು ಕೇಳಿ.

ಈ ವಿಷಯದಲ್ಲಿ ಮೊಮ್ಮಗಳಿಂದ ಸಹಾಯವಿದೆ. ಆಯಿ ಕಲಿತಿದ್ದರೆ ಊರಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತಿರುತ್ತಾಳೆ. ದವಾಖಾನೆಯ ಪಥ್ಯದ ಚೀಟಿ ಮರಾಠಿಯಲ್ಲಿ, ಗುಳಿಗೆಯ ಹೆಸರು ಇಂಗ್ಲಿಷಿನಲ್ಲಿ. ಪುಣೆಯಲ್ಲಿ ಓದುವ ಹತ್ತು ವರ್ಷದ ಹುಡುಗಿ ಎರಡನ್ನೂ ಸಲೀಸಾಗಿ ಓದುತ್ತಾಳೆ, ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ. ಚೀಟಿಯನ್ನು ಅವಳಿಂದ ಓದಿಸಿ. ಮುಂಜಾನೆಯ ಗುಳಿಗೆ ಯಾವುದು, ರಾತ್ರಿಯದು ಯಾವುದು ಎಂದು ಡಬ್ಬಿಯ ಮೇಲೆ ಅವಳ ಕೈಯಿಂದಲೇ ಕನ್ನಡದಲ್ಲಿ ಬರೆಸಿ, ಕನ್ನಡ ಅಕ್ಷರ ಬಾರದಿದ್ದರೆ ಸೂರ್ಯ ಚಂದ್ರ ಬಿಡಿಸಲಿ. ಇನ್ನೊಂದನ್ನೂ ಕಲಿಸಿಡಿ. ಆಯಿ ಬೆವತು, ಕೈ ನಡುಗಿ, ತಬ್ಬಿಬ್ಬಾಗಿ ಮಾತಾಡಿದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಬೇಕು, ದೊಡ್ಡವರನ್ನು ಕೂಗಬೇಕು, ಹದಿನೈದು ನಿಮಿಷದ ಮೇಲೆ ಶುಗರ್ ಪರೀಕ್ಷಿಸಬೇಕು, 70ಕ್ಕಿಂತ ಕೆಳಗೇ ಇದ್ದರೆ ಇನ್ನೊಮ್ಮೆ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನು ಮಾಡಬೇಕು. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಆ ಮಗುವಿಗೆ ಗೊತ್ತಿರಲೇಬೇಕು.

"ಆಯಿ, ನೀ ಯಾಕ ಒಂದ ರೊಟ್ಟಿ ತಿಂತಿ?" ಎಂದು ಮಗು ಕೇಳಿಯೇ ಕೇಳುತ್ತದೆ. "ನನಗ ಇದು ಇಸ ಇದ್ದಂಗ" ಎನ್ನಬೇಡಿ. ತನಗೆ ಬಡಿಸಿದ್ದು ವಿಷವೇ ಎಂದು ಅದು ಯೋಚಿಸುತ್ತದೆ. "ನನ್ನ ಮೈಯಾಗ ಸಕ್ಕರಿ ಕರಗಿಸೂ ಶಕ್ತಿ ಕಡಿಮಿ ಆಗೇತವ್ವಾ, ನಿನ್ನ ಮೈ ಬೆಳ್ಯಾಕ ಹತ್ತೇತಿ, ನೀ ಉಣ್ಣು" ಎಂದರೆ ಆರು ವರ್ಷದವರಿಗೂ ತಿಳಿಯುತ್ತದೆ. ಉಂಡ ಮೇಲೆ ಇಬ್ಬರೂ ಕೈಹಿಡಿದು ಹತ್ತು ಹದಿನೈದು ನಿಮಿಷ ಅಂಗಳದಲ್ಲೋ ಓಣಿಯಲ್ಲೋ ಅಡ್ಡಾಡಿದರೆ ಆಯಿಯ ಸಕ್ಕರೆ ಇಳಿಯುವುದಕ್ಕೆ ಅದೂ ನೆರವಾಗುತ್ತದೆ. ಮೇ ತಿಂಗಳ ಮಧ್ಯಾಹ್ನದ ಬಿಸಿಲಲ್ಲಿ ಬೇಡ, ರಾತ್ರಿಯ ಊಟದ ನಂತರ ಸಾಕು.

ಶಾಲೆ ತೆರೆದು ಮಕ್ಕಳು ಹೊರಟ ಮೇಲೆ ಎಚ್‌ಬಿಎ1ಸಿ ಪರೀಕ್ಷೆಯೊಂದನ್ನು ಮಾಡಿಸಿ. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಅದರಲ್ಲಿ ಕಾಣುತ್ತದೆ, ರಜೆಯ ಲೆಕ್ಕವೂ ಅದರೊಳಗೆ ಸೇರಿರುತ್ತದೆ. ತುಸು ಏರಿದ್ದರೆ ಗಾಬರಿಯಾಗಿ ಉಪವಾಸ ಕೂರಬೇಡಿ. ಡಾಕ್ಟರರ ಮುಂದೆ ಕೂತು ಹೋಳಿಗೆ ತಿಂದ ದಿನವನ್ನೂ, ಮೊಮ್ಮಗಳ ತಾಟಿನಲ್ಲಿ ಉಳಿದ ರೊಟ್ಟಿ ತಿಂದದ್ದನ್ನೂ ಹೇಳಿ. ಗುಳಿಗೆ ಹೆಚ್ಚಿಸಬೇಕೋ ತಾಟು ಎತ್ತುವವರನ್ನು ಬದಲಿಸಿದರೆ ಸಾಕೋ ಎಂದು ಅವರು ಆಗ ಸರಿಯಾಗಿ ಹೇಳಬಲ್ಲರು.